ರೋಬೋಟ್ ಬಂದ ಮೇಲೆ ಆಪರೇಷನ್ ಥಿಯೇಟರಿನ ಭಾರ ಯಾರ ಹೆಗಲಿಗೆ?

ರೋಬೋಟಿಕ್ ಸರ್ಜರಿ ಅಂದ ಕೂಡಲೇ ಬಹಳ ಜನರ ಮನಸ್ಸಿಗೆ ಬರುವುದು ಒಂದೇ ಚಿತ್ರ: ಯಂತ್ರ ಆಪರೇಷನ್ ಮಾಡುತ್ತದೆ, ಡಾಕ್ಟರು ಪಕ್ಕದಲ್ಲಿ ಆರಾಮಾಗಿ ಕೂತಿರುತ್ತಾರೆ. ನಿಜ ಹಾಗಿಲ್ಲ. ಹೊಟ್ಟೆ, ಪ್ರಾಸ್ಟೇಟ್, ಗರ್ಭಕೋಶ, ಶ್ವಾಸಕೋಶದ ಆಪರೇಷನ್‌ಗಳಲ್ಲಿ ಇವತ್ತು ಬಳಸುವ ರೋಬೋಟ್ ತಾನಾಗಿ ಒಂದು ಹೊಲಿಗೆಯನ್ನೂ ಹಾಕುವುದಿಲ್ಲ. ಸರ್ಜನ್ ಕೈ ಆಡಿಸಿದರೆ ಅದರ ಕೈ ಆಡುತ್ತದೆ. ಸರ್ಜನ್ ನಿಲ್ಲಿಸಿದರೆ ಅದೂ ನಿಲ್ಲುತ್ತದೆ.

ಹಾಗಾದರೆ ಕೆಲಸ ಹಗುರವಾಯಿತಾ? ಕೆಲವರಿಗೆ, ಕೆಲವು ವಿಷಯದಲ್ಲಿ, ಹೌದು. ಆದರೆ ಇಡೀ ತಂಡವನ್ನು ನೋಡಿದರೆ ಭಾರ ಮಾಯವಾಗಿಲ್ಲ, ಜಾಗ ಬದಲಿಸಿದೆ ಅಷ್ಟೇ. ಒಂದಷ್ಟು ಬೆನ್ನಿನಿಂದ ತಲೆಗೆ ಏರಿದೆ. ಇನ್ನೊಂದಷ್ಟು ಸರ್ಜನ್ ಕೈಬಿಟ್ಟು, ರೋಗಿಯ ಪಕ್ಕದಲ್ಲಿ ನಿಂತವರ ಪಾಲಿಗೆ ಬಂದಿದೆ. ಈ ಎರಡನೆಯ ಪಾಲಿನ ಬಗ್ಗೆ ಮಾತಾಡುವವರು ಕಡಿಮೆ. ರೋಬೋಟಿಕ್ ಸರ್ಜರಿಯ ಒತ್ತಡವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅಲ್ಲಿಗೇ ಹೆಚ್ಚು ಗಮನ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಯಾರು ಎಲ್ಲಿರುತ್ತಾರೆ

ಮೊದಲು ಕೋಣೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಹೆಚ್ಚು ಬಳಕೆಯಲ್ಲಿರುವ ಯಂತ್ರ ಡಾ ವಿಂಚಿ. ಔಷಧ, ವೈದ್ಯಕೀಯ ಸಾಧನಗಳನ್ನು ಪರೀಕ್ಷಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2000ನೇ ಇಸವಿಯಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಮೂರು ಭಾಗಗಳಿವೆ. ಒಂದು, ಸರ್ಜನ್ ಕೂರುವ ಕನ್ಸೋಲ್. ಎರಡು, ರೋಗಿಯ ಮೇಲೆ ಚಾಚಿಕೊಂಡಿರುವ ನಾಲ್ಕು ಯಂತ್ರದ ಕೈಗಳು. ಮೂರು, ಕ್ಯಾಮೆರಾ, ಬೆಳಕು, ಕರೆಂಟಿನ ಉಪಕರಣಗಳನ್ನೆಲ್ಲ ಹೊತ್ತ ಟವರ್.

ಸರ್ಜನ್ ರೋಗಿಯ ಹತ್ತಿರ ಇರುವುದಿಲ್ಲ. ಅದೇ ಕೋಣೆಯ ಇನ್ನೊಂದು ಬದಿಯಲ್ಲಿ, ಸ್ಟೆರೈಲ್ ಗೌನ್ ಇಲ್ಲದೆ, ಕನ್ಸೋಲಿನ ಒಳಗೆ ಮುಖ ಹುದುಗಿಸಿ ಕೂತಿರುತ್ತಾರೆ. ಅವರ ಕಣ್ಣಿಗೆ ಕಾಣುವುದು ರೋಗಿಯ ದೇಹದ ಒಳಭಾಗ ಮಾತ್ರ. ಅದು ಆಳ ಗೊತ್ತಾಗುವ ಮೂರು ಆಯಾಮದ ಚಿತ್ರ, ಹಿಗ್ಗಿಸಿದ್ದು. ಬೆರಳುಗಳು ಎರಡು ಹಿಡಿಕೆಗಳಲ್ಲಿ, ಕಾಲುಗಳು ಸಾಲಾಗಿರುವ ಪೆಡಲ್‌ಗಳ ಮೇಲೆ. ಮುಖವನ್ನು ಆ ಕಿಂಡಿಯಿಂದ ಸ್ವಲ್ಪ ಹಿಂದೆ ತೆಗೆದರೂ ಸೆನ್ಸರ್‌ಗೆ ಗೊತ್ತಾಗುತ್ತದೆ, ಉಪಕರಣಗಳು ಇದ್ದಲ್ಲೇ ನಿಂತುಬಿಡುತ್ತವೆ. ಸುರಕ್ಷತೆಗೆ ಇದು ಬೇಕೇ ಬೇಕು. ಆದರೆ ಇದರ ಇನ್ನೊಂದು ಅರ್ಥವನ್ನೂ ಗಮನಿಸಿ. ಕೆಲಸ ನಡೆಯುತ್ತಿರುವಷ್ಟು ಹೊತ್ತು ಸರ್ಜನ್ ಕೋಣೆಯನ್ನು ನೋಡುವ ಹಾಗಿಲ್ಲ.

ರೋಗಿಯ ಪಕ್ಕದಲ್ಲಿ ಅಸಿಸ್ಟೆಂಟ್ ನಿಂತಿರುತ್ತಾರೆ, ಅಥವಾ ಸಿಕ್ಕಷ್ಟು ಜಾಗದಲ್ಲಿ ಕೂತಿರುತ್ತಾರೆ. ಅವರ ಜೊತೆ ಉಪಕರಣ ಕೊಡುವ ಸ್ಕ್ರಬ್ ನರ್ಸ್. ಹೊರಗಿನಿಂದ ಬೇಕಾದ್ದನ್ನು ತಂದುಕೊಡುವ, ಯಂತ್ರದ ತಂತಿಗಳನ್ನೂ ಪರದೆಯನ್ನೂ ನೋಡಿಕೊಳ್ಳುವ ಇನ್ನೊಬ್ಬ ನರ್ಸ್. ರೋಗಿಯ ತಲೆಯ ಕಡೆ ಅರಿವಳಿಕೆ ವೈದ್ಯರು. ಇವರೆಲ್ಲರ ಮಧ್ಯೆ ದೊಡ್ಡ ಯಂತ್ರವೊಂದು ಜಾಗ ಹಿಡಿದು ನಿಂತಿದೆ.

ಕೆಲಸದ ಭಾರ ಬೇರೆ, ಒತ್ತಡ ಬೇರೆ

ಇವೆರಡನ್ನೂ ನಾವು ಒಂದೇ ಅನ್ನುವ ಹಾಗೆ ಮಾತಾಡುತ್ತೇವೆ. ಸಂಶೋಧಕರು ಬೇರೆ ಮಾಡಿ ನೋಡುತ್ತಾರೆ, ಅದರಲ್ಲಿ ಅರ್ಥವಿದೆ.

ಒಂದು ಕೆಲಸ ನಮ್ಮ ಗಮನ, ನೆನಪು, ಶಕ್ತಿ, ಸಮಯವನ್ನು ಎಷ್ಟು ಬೇಡುತ್ತದೆ ಅನ್ನುವುದು ಕೆಲಸದ ಭಾರ. ಆ ಬೇಡಿಕೆಯನ್ನು ಪೂರೈಸುವ ಶಕ್ತಿ ನನ್ನಲ್ಲಿ ಇದೆಯಾ ಅಂತ ಮನಸ್ಸು ಲೆಕ್ಕ ಹಾಕಿದಾಗ, ಇಲ್ಲ ಅನ್ನಿಸಿದರೆ ಹುಟ್ಟುವುದು ಒತ್ತಡ. ರಿಚರ್ಡ್ ಲಾಜರಸ್ ಮತ್ತು ಸುಸಾನ್ ಫೋಕ್‌ಮನ್ ಎಂಬ ಮನಃಶಾಸ್ತ್ರಜ್ಞರು 1984ರಲ್ಲಿ ಈ ನೋಟವನ್ನು ವಿವರವಾಗಿ ಮುಂದಿಟ್ಟರು. ಹಾಗಾಗಿ ಭಾರ ಜಾಸ್ತಿ ಇದ್ದೂ ಒತ್ತಡ ಕಡಿಮೆ ಇರಬಹುದು. ನುರಿತ ಸರ್ಜನ್ ಕಷ್ಟದ ಕೇಸನ್ನು ತಣ್ಣಗೆ ಮಾಡುವುದು ಹೀಗೆ. ಅದೇ ರೀತಿ ಕೆಲಸ ಚಿಕ್ಕದಿದ್ದೂ ಒತ್ತಡ ಏರಬಹುದು. ಮೊದಲ ಸಲ ರೋಬೋಟ್ ಪಕ್ಕ ನಿಂತ ಅಸಿಸ್ಟೆಂಟ್‌ಗೆ ಒಂದು ಕ್ಲಿಪ್ ಹಾಕುವುದೂ ದೊಡ್ಡ ಪರೀಕ್ಷೆ.

ಒತ್ತಡ ಅಂದರೆ ಪೂರ್ತಿ ಕೆಟ್ಟದ್ದು ಅಂತಲೂ ಅಲ್ಲ. ಸ್ವಲ್ಪ ಇದ್ದರೆ ಗಮನ ಚುರುಕಾಗುತ್ತದೆ. ಮಿತಿ ಮೀರಿದರೆ ಗಮನ ಕಿರಿದಾಗುತ್ತದೆ. ಕಣ್ಣೆದುರಿಗಿನ ಒಂದೇ ವಿಷಯಕ್ಕೆ ಮನಸ್ಸು ಅಂಟಿಕೊಂಡು, ಪಕ್ಕದಲ್ಲಿ ಕೂಗುತ್ತಿರುವ ಅಲಾರಂ ಕಿವಿಗೆ ಬೀಳುವುದೇ ಇಲ್ಲ. ಆಪರೇಷನ್ ಥಿಯೇಟರಿನಲ್ಲಿ ಭಯಪಡಬೇಕಾದ್ದು ಈ ಕೊನೆಯ ಹಂತಕ್ಕೆ.

ಅಳೆಯುವುದು ಹೇಗೆ

ಮನಸ್ಸಿನ ಭಾರವನ್ನು ತೂಕದ ಕಲ್ಲಿಟ್ಟು ಅಳೆಯಲಾಗದು. ಅದಕ್ಕೆ ಅತಿ ಹೆಚ್ಚು ಬಳಸುವ ಸಾಧನ ಒಂದು ಸರಳ ಪ್ರಶ್ನಾವಳಿ. ಹೆಸರು ನಾಸಾ-ಟಿಎಲ್‌ಎಕ್ಸ್. ಸಾಂಡ್ರಾ ಹಾರ್ಟ್ ಮತ್ತು ಲೊವೆಲ್ ಸ್ಟೇವ್‌ಲ್ಯಾಂಡ್ 1988ರಲ್ಲಿ ಇದನ್ನು ಪ್ರಕಟಿಸಿದರು. ವಿಮಾನ ಓಡಿಸುವಂಥ ಕೆಲಸಗಳ ಭಾರ ಅಳೆಯುವ ಪ್ರಯತ್ನದಿಂದ ಹುಟ್ಟಿದ್ದು ಇದು. ಕೆಲಸ ಮುಗಿದ ಮೇಲೆ ಆರು ವಿಷಯಗಳಿಗೆ ಅಂಕ ಕೊಡಬೇಕು: ಮನಸ್ಸಿಗೆ ಎಷ್ಟು ಕೆಲಸ ಬಿತ್ತು, ಮೈಗೆ ಎಷ್ಟು, ಸಮಯದ ಅವಸರ ಎಷ್ಟಿತ್ತು, ಎಷ್ಟು ಪ್ರಯತ್ನ ಹಾಕಬೇಕಾಯಿತು, ಕಿರಿಕಿರಿ ಎಷ್ಟಾಯಿತು, ಕೆಲಸ ಎಷ್ಟು ಚೆನ್ನಾಗಿ ಆಯಿತು ಅನ್ನಿಸಿತು. 2011ರಲ್ಲಿ ಸರ್ಜರಿಗೆಂದೇ ಇದನ್ನು ತಿದ್ದಿ ಸರ್ಜ್-ಟಿಎಲ್‌ಎಕ್ಸ್ ಮಾಡಿದರು. ಅದರಲ್ಲಿ ಗಮನ ಕೆಡಿಸುವ ಸಂಗತಿಗಳು, ಕೆಲಸದ ಜಟಿಲತೆ, ಆ ಸನ್ನಿವೇಶದ ಒತ್ತಡ ಇವಕ್ಕೂ ಜಾಗ ಸಿಕ್ಕಿತು.

ಮೈಯ ಸೂಚನೆಗಳನ್ನೂ ನೋಡುತ್ತಾರೆ. ಎದೆಬಡಿತಗಳ ನಡುವಿನ ಅಂತರ ಆರೋಗ್ಯವಂತರಲ್ಲಿ ಸದಾ ಒಂದಿಷ್ಟು ಏರಿಳಿಯುತ್ತಿರುತ್ತದೆ. ಒತ್ತಡದಲ್ಲಿ ಆ ಏರಿಳಿತ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಚರ್ಮದ ಬೆವರು, ಜೊಲ್ಲಿನಲ್ಲಿರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್, ಕಣ್ಣಿನ ಪಾಪೆಯ ಹಿಗ್ಗುವಿಕೆ, ಮೆದುಳಿನ ವಿದ್ಯುತ್ ಅಲೆಗಳು, ಕತ್ತು ಮತ್ತು ಹೆಗಲಿನ ಸ್ನಾಯುಗಳ ಬಿಗಿತ ಹೀಗೆ ಪಟ್ಟಿ ಉದ್ದವಿದೆ.

ಯಾವುದೂ ಪರಿಪೂರ್ಣವಲ್ಲ. ಪ್ರಶ್ನಾವಳಿ ತುಂಬುವುದು ಕೆಲಸ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಒಂದು ಕೆಟ್ಟ ಗಳಿಗೆ ಇಡೀ ಮೂರು ಗಂಟೆಯ ನೆನಪಿಗೆ ಬಣ್ಣ ಬಳಿದಿರುತ್ತದೆ. ಎದೆಬಡಿತ ಒತ್ತಡದಿಂದಷ್ಟೇ ಅಲ್ಲ, ಎದ್ದು ನಿಂತರೂ ಏರುತ್ತದೆ. ಕೂತ ಸರ್ಜನ್‌ರನ್ನು ನಿಂತ ಸರ್ಜನ್ ಜೊತೆ ಹೋಲಿಸುವಾಗ ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಒಳ್ಳೆಯ ಅಧ್ಯಯನಗಳು ಎರಡು ಮೂರು ಅಳತೆಗಳನ್ನು ಜೊತೆಗಿಟ್ಟು ನೋಡುತ್ತವೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಬಹಳಷ್ಟು ಸಲ ಅಳೆಯುವುದು ಸರ್ಜನ್ ಒಬ್ಬರನ್ನೇ. ಅವರ ಅಂಕ ಇಳಿದರೆ ‘ರೋಬೋಟ್ ಕೆಲಸದ ಭಾರ ಇಳಿಸುತ್ತದೆ’ ಅಂತ ಬರೆದುಬಿಡುತ್ತಾರೆ. ಕೋಣೆಯಲ್ಲಿ ಉಳಿದ ನಾಲ್ಕೈದು ಜನರ ಕಥೆ ಏನು?

ಸರ್ಜನ್‌ಗೆ ಸಿಕ್ಕಿದ್ದು, ಸರ್ಜನ್ ಕಳಕೊಂಡದ್ದು

ಸಿಕ್ಕಿದ್ದು ಕಡಿಮೆಯೇನಲ್ಲ. ಸಾಮಾನ್ಯ ಲ್ಯಾಪರೋಸ್ಕೋಪಿ, ಅಂದರೆ ಕೀಹೋಲ್ ಸರ್ಜರಿ, ಮೈಗೆ ಬಹಳ ಕಷ್ಟ ಕೊಡುತ್ತದೆ. ಉದ್ದನೆಯ ಕಡ್ಡಿಯಂಥ ಉಪಕರಣ ಹೊಟ್ಟೆಯ ಗೋಡೆಯಲ್ಲಿ ಸಿಕ್ಕಿಕೊಂಡು ತಿರುಗುವುದರಿಂದ, ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ. ತುದಿಗೆ ಮಣಿಕಟ್ಟಿಲ್ಲ. ತೋಳು ಎತ್ತಿಕೊಂಡು, ಕತ್ತು ತಿರುಗಿಸಿಕೊಂಡು ಗಂಟೆಗಟ್ಟಲೆ ನಿಲ್ಲಬೇಕು. ಕತ್ತು, ಹೆಗಲು, ಬೆನ್ನಿನ ನೋವು ಈ ವೃತ್ತಿಯವರಲ್ಲಿ ತುಂಬಾ ಸಾಮಾನ್ಯ.

ರೋಬೋಟ್ ಇದನ್ನೆಲ್ಲ ತಿರುಗಿಸಿತು. ಕೈ ಎತ್ತ ಹೋಗುತ್ತದೋ ತುದಿಯೂ ಅತ್ತಲೇ. ಉಪಕರಣದ ತುದಿ ಮಣಿಕಟ್ಟಿನ ಹಾಗೆ ಬಾಗುತ್ತದೆ. ಕೈನಡುಕವನ್ನು ಯಂತ್ರ ಸೋಸುತ್ತದೆ. ಕೈಯ ದೊಡ್ಡ ಚಲನೆ ಒಳಗೆ ಚಿಕ್ಕ ಚಲನೆಯಾಗುತ್ತದೆ. ಜೊತೆಗೆ, ಕೂತು ಮಾಡಬಹುದು. ಸರ್ಜನ್‌ರ ಮೈಮೇಲಿನ ಭಾರ ಲ್ಯಾಪರೋಸ್ಕೋಪಿಗಿಂತ ರೋಬೋಟ್‌ನಲ್ಲಿ ಕಡಿಮೆ ಅನ್ನುವುದನ್ನು ಅಧ್ಯಯನಗಳು ಸಾಮಾನ್ಯವಾಗಿ ಒಪ್ಪುತ್ತವೆ. ಮನಸ್ಸಿನ ಭಾರದ ವಿಷಯಕ್ಕೆ ಬಂದರೆ ಹಾಗಿಲ್ಲ. ಕೆಲವು ಕಡೆ ಇಳಿದಿದೆ, ಕೆಲವು ಕಡೆ ಅಷ್ಟೇ ಇದೆ, ಕೆಲವು ಕಡೆ ಏರಿದೆ. ಯಾವ ಆಪರೇಷನ್, ಎಷ್ಟು ಅನುಭವ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. (ಮೈಗೂ ಪೂರ್ತಿ ಬಿಡುಗಡೆ ಸಿಕ್ಕಿಲ್ಲ. ಕನ್ಸೋಲಿಗೆ ಹಣೆ ಆನಿಸಿ ಕೂತು ಕತ್ತು ಹಿಡಿಯುವುದು, ಕಣ್ಣು ದಣಿಯುವುದು, ಬೆರಳು ನೋಯುವುದು ಇದ್ದೇ ಇದೆ.)

ಕಳಕೊಂಡದ್ದರಲ್ಲಿ ಮುಖ್ಯವಾದದ್ದು ಸ್ಪರ್ಶ. ಡಾ ವಿಂಚಿಯ ಹಿಂದಿನ ಮಾದರಿಗಳಲ್ಲಿ ಸರ್ಜನ್ ಬೆರಳಿಗೆ ಎಳೆತದ ಅರಿವೇ ಬರುವುದಿಲ್ಲ. ಹೊಲಿಗೆ ಹಾಕಿ ಗಂಟು ಬಿಗಿಯುವ ಗಳಿಗೆಯನ್ನೇ ನೋಡಿ. ಕೈಯಿಂದ ಮಾಡುವಾಗ ದಾರ ಬಿಗಿಯಾದದ್ದು ಬೆರಳಿಗೇ ಗೊತ್ತಾಗುತ್ತದೆ. ರೋಬೋಟ್‌ನಲ್ಲಿ ಅದನ್ನು ಕಣ್ಣಿಂದ ಓದಬೇಕು. ದಾರ ನೆಟ್ಟಗಾಯಿತಾ? ಗಂಟಿನ ಸುತ್ತಲ ಅಂಗಾಂಶ ಬಿಳಿಚಿಕೊಂಡಿತಾ? ಬಿಳಿಚಿತು ಅಂದರೆ ರಕ್ತ ಅಲ್ಲಿಂದ ಹಿಂಡಿಹೋಗುತ್ತಿದೆ, ಇನ್ನು ಎಳೆಯಬಾರದು. ಹೊಸಬರು ಇನ್ನೊಂದಿಷ್ಟು ಎಳೆಯುತ್ತಾರೆ, ದಾರ ಪಟ್ಟಂತ ಹರಿಯುತ್ತದೆ. ಸೂಜಿ ಒಳಗೇ ಉಳಿಯುತ್ತದೆ, ಹುಷಾರಾಗಿ ಹೊರತೆಗೆಯಬೇಕು, ಹೊಸ ದಾರ ಒಳಗೆ ಬರಬೇಕು, ಹೊಲಿಗೆ ಮತ್ತೆ ಮೊದಲಿನಿಂದ. ನುರಿತವರು ಆ ಬಿಳಿಚುವಿಕೆಯನ್ನು ಎಷ್ಟು ಸಹಜವಾಗಿ ಓದುತ್ತಾರೆ ಅಂದರೆ, ಮುಟ್ಟಿ ನೋಡಿದ ಹಾಗೇ ಅನ್ನಿಸುತ್ತದೆ ಅನ್ನುತ್ತಾರೆ. ಅಲ್ಲಿಯವರೆಗೆ ಬೆರಳು ಮಾಡುತ್ತಿದ್ದ ಕೆಲಸ ಕಣ್ಣಿಗೂ ಗಮನಕ್ಕೂ ಬಿದ್ದ ಹೆಚ್ಚುವರಿ ಕೆಲಸ.

ಕಾಲಿಗೂ ಕೆಲಸವಿದೆ. ಕ್ಯಾಮೆರಾ ಸರಿಸಲು ಒಂದು ಪೆಡಲ್, ಹಿಡಿಕೆಗಳನ್ನು ಅನುಕೂಲಕ್ಕೆ ತಂದುಕೊಳ್ಳಲು ಇನ್ನೊಂದು, ಕತ್ತರಿಸುವ ಕರೆಂಟಿಗೆ ಹಳದಿ, ರಕ್ತ ನಿಲ್ಲಿಸುವ ಕರೆಂಟಿಗೆ ನೀಲಿ. ನಾಲ್ಕು ಕೈಗಳಲ್ಲಿ ಕ್ಯಾಮೆರಾ ಒಂದನ್ನು ಹಿಡಿದರೆ ಉಳಿಯುವುದು ಮೂರು, ಸರ್ಜನ್ ಒಮ್ಮೆಗೆ ಆಡಿಸುವುದು ಎರಡನ್ನು. ಮೂರನೆಯದು ಕಣ್ಣಿಗೆ ಕಾಣದ ಕಡೆ ಏನನ್ನು ಹಿಡಿದು ನಿಂತಿದೆ ಅನ್ನುವುದು ತಲೆಯಲ್ಲಿರಬೇಕು.

ತಲೆಯ ಜಾಗ ಚಿಕ್ಕದು. ಒಂದು ಗಳಿಗೆಯಲ್ಲಿ ನಾವು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಸುಮಾರು ನಾಲ್ಕು ಅಂತ ಮನಃಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಗೇರಿನ ಬೈಕ್ ಕಲಿಯುವಾಗ ಕ್ಲಚ್, ಗೇರು, ಬ್ರೇಕು ಇಷ್ಟಕ್ಕೇ ತಲೆ ತುಂಬಿಹೋಗುತ್ತದೆ, ರಸ್ತೆಯ ಕಡೆ ಗಮನ ಉಳಿಯುವುದಿಲ್ಲ ಅಲ್ವಾ? ಹಾಗೇ ಇದೂ. ಪೆಡಲ್‌ಗಳು ಕಾಲಿಗೆ ತಾವಾಗೇ ಸಿಗುವವರೆಗೆ, ಆಪರೇಷನ್‌ಗೆ ಸಲ್ಲಬೇಕಾದ ಗಮನವನ್ನು ಯಂತ್ರ ತಿನ್ನುತ್ತಿರುತ್ತದೆ. ಅನುಭವ ಬಂದಂತೆ ಈ ಭಾರ ನಿಜಕ್ಕೂ ಇಳಿಯುತ್ತದೆ. ಹಾಗಾಗಿ ‘ರೋಬೋಟ್‌ನಿಂದ ಮನಸ್ಸಿನ ಭಾರ ಎಷ್ಟು’ ಅಂತ ಕೇಳಿದವರು ‘ಯಾರಿಗೆ, ಅವರ ಎಷ್ಟನೇ ಕೇಸಿನಲ್ಲಿ’ ಅಂತಲೂ ಕೇಳಬೇಕು.

ರೋಗಿಯ ಪಕ್ಕದಲ್ಲಿ

ಈಗ ಮಂಚದ ಕಡೆ ಬರೋಣ. ಇಲ್ಲಿನ ಅಸಿಸ್ಟೆಂಟ್ ಹಲವು ಕಡೆ ಇನ್ನೂ ಕಲಿಯುತ್ತಿರುವ ಯುವ ವೈದ್ಯರು, ಅಥವಾ ತರಬೇತಿ ಪಡೆದ ನರ್ಸ್. ಕೈಗೆ ಸಿಗುವುದು ಅದೇ ಹಳೆಯ ಕೀಹೋಲ್ ಉಪಕರಣ. ಸರ್ಜನ್‌ಗೆ ಮಣಿಕಟ್ಟಿನ ಸುಖ, ಇವರಿಗೆ ಉದ್ದ ಕಡ್ಡಿಯ ಕಷ್ಟ. ಸರ್ಜನ್‌ಗೆ ಮೂರು ಆಯಾಮದ ನೋಟ, ಇವರಿಗೆ ಹೆಚ್ಚಿನ ಕಡೆ ಗೋಡೆಯ ಮೇಲಿನ ಚಪ್ಪಟೆ ಪರದೆ. ತಲೆಯ ಪಕ್ಕ ಯಂತ್ರದ ಕೈಗಳು ತೂಗುತ್ತಿರುತ್ತವೆ. ಒಳಗೆ ಒಂದು ಚಿಕ್ಕ ಚಲನೆ ಆದರೆ ಹೊರಗೆ ಆ ಕೈ ದೊಡ್ಡದಾಗಿ ಬೀಸುತ್ತದೆ. ಸರ್ಜನ್‌ಗೆ ಅದು ಕಾಣುವುದಿಲ್ಲ. ಅಸಿಸ್ಟೆಂಟ್ ತೋಳಿಗೆ ತಾಗಬಹುದು, ಇನ್ನೊಂದು ಕೈಗೆ ಡಿಕ್ಕಿ ಹೊಡೆಯಬಹುದು, ರೋಗಿಯ ಮೈ ಮೇಲೆ ಒತ್ತಬಹುದು. ಅದನ್ನು ಕಾಯುವುದೂ ಇವರದೇ ಕೆಲಸ.

ಇನ್ನೊಂದು ವಿಚಿತ್ರ ಕಷ್ಟವಿದೆ. ಎಷ್ಟೋ ಹೊತ್ತು ಏನೂ ಕೆಲಸವಿರುವುದಿಲ್ಲ. ಸುಮ್ನೆ ಪರದೆ ನೋಡುತ್ತಾ ಸಕ್ಷನ್, ಅಂದರೆ ರಕ್ತ ಹೀರುವ ಕೊಳವೆ, ಹಿಡಿದು ನಿಲ್ಲಬೇಕು. ಆಮೇಲೆ ಒಂದು ರಕ್ತನಾಳ ಚಿಮ್ಮುತ್ತದೆ, ಆ ಕ್ಷಣವೇ ಸಕ್ಷನ್ ಸರಿಯಾದ ಜಾಗಕ್ಕೆ ಹೋಗಬೇಕು, ಕ್ಲಿಪ್ ಬೇಕು. ಮನುಷ್ಯರ ಗಮನ ಇಂಥ ಕೆಲಸಕ್ಕೆ ಹೇಳಿಮಾಡಿಸಿದ್ದಲ್ಲ. ಮನಃಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲೇ ಇದನ್ನು ತೋರಿಸಿದರು. ರೇಡಾರ್ ಪರದೆ ಕಾಯುವಂಥ ಕೆಲಸದಲ್ಲಿ, ಗಡಿಯಾರದಂಥ ಒಂದು ಸಾಧನದ ಮುಳ್ಳನ್ನು ನೋಡುತ್ತಾ ಕೂತವರು, ಮೊದಲ ಅರ್ಧ ಗಂಟೆ ಕಳೆಯುತ್ತಿದ್ದಂತೆ ಸೂಚನೆಗಳನ್ನು ತಪ್ಪಿಸಿಕೊಳ್ಳತೊಡಗಿದರು. ಕೆಲಸ ಕಡಿಮೆ ಇರುವುದೂ ಒಂದು ಭಾರ. ಆರು ಪ್ರಶ್ನೆಗಳ ಪಟ್ಟಿಯಲ್ಲಿ ಇದು ಸುಲಭಕ್ಕೆ ಸಿಕ್ಕುವುದಿಲ್ಲ.

ಸ್ಕ್ರಬ್ ನರ್ಸ್ ಕಥೆ ತದ್ವಿರುದ್ಧ. ರೋಗಿ ಒಳಗೆ ಬರುವ ಮೊದಲೇ ಅವರ ಕೆಲಸ ಶುರು. ಯಂತ್ರದ ನಾಲ್ಕೂ ಕೈಗಳಿಗೆ ಸ್ಟೆರೈಲ್ ಪ್ಲಾಸ್ಟಿಕ್ ಹೊದಿಕೆ ಹಾಕಬೇಕು, ಎಲ್ಲೂ ಹರಿಯಬಾರದು, ಎಲ್ಲೂ ತಾಗಬಾರದು. ಕ್ಯಾಮೆರಾ ಸಿದ್ಧವಾಗಬೇಕು. ಆಮೇಲೆ ಡಾಕಿಂಗ್, ಅಂದರೆ ಯಂತ್ರವನ್ನು ರೋಗಿಯ ಮೇಲೆ ತಂದು, ಉಪಕರಣ ಒಳಗೆ ಹೋಗಲು ಹೊಟ್ಟೆಯಲ್ಲಿ ಕೂರಿಸಿದ ಪೋರ್ಟ್ ಎಂಬ ಕೊಳವೆಗಳಿಗೆ ಒಂದೊಂದು ಕೈಯನ್ನೂ ಜೋಡಿಸುವುದು. ಪೋರ್ಟ್ ಹಾಕಿದ ಜಾಗ ಸ್ವಲ್ಪ ಹೆಚ್ಚು ಕಡಿಮೆಯಾದರೆ, ಮುಂದಿನ ಎರಡು ಗಂಟೆಯೂ ಕೈಗಳು ಒಂದಕ್ಕೊಂದು ತಾಗುತ್ತಿರುತ್ತವೆ. ಆಪರೇಷನ್ ಮಧ್ಯೆ ಉಪಕರಣ ಬದಲಾವಣೆ ನಡೆಯುತ್ತಲೇ ಇರುತ್ತದೆ. ಪ್ರತಿ ಉಪಕರಣವನ್ನು ಎಷ್ಟು ಸಲ ಬಳಸಬಹುದು ಅನ್ನುವ ಲೆಕ್ಕ ಅದರ ಚಿಪ್‌ನಲ್ಲೇ ಇರುತ್ತದೆ. ಲೆಕ್ಕ ಮುಗಿದ ಉಪಕರಣವನ್ನು ಯಂತ್ರ ಒಪ್ಪುವುದೇ ಇಲ್ಲ. ಅದನ್ನು ಮೊದಲೇ ನೋಡಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ನಡುವೆ ಹುಡುಕಾಟ. ಇದ್ಯಾವುದೂ ಹೊರಗಿನವರ ಕಣ್ಣಿಗೆ ‘ಸರ್ಜರಿ’ ಅಂತ ಕಾಣುವುದಿಲ್ಲ. ಹಾಗಾಗಿ ಹೊಸ ರೋಬೋಟ್ ತರಿಸಿದ ಕಡೆ ಸರ್ಜನ್‌ಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟು, ನರ್ಸ್‌ಗಳಿಗೆ ಕೆಲಸ ಮಾಡುತ್ತಾ ಕಲಿಯಿರಿ ಅನ್ನುವುದಿದೆ. ಇದು ಅನ್ಯಾಯ. ಅಪಾಯವೂ ಹೌದು.

ಅರಿವಳಿಕೆ ವೈದ್ಯರ ಕಷ್ಟ ಇನ್ನೊಂದು ಬಗೆ. ಪ್ರಾಸ್ಟೇಟ್ ಆಪರೇಷನ್‌ನಲ್ಲಿ ರೋಗಿಯ ತಲೆಯನ್ನು 25ರಿಂದ 30 ಡಿಗ್ರಿಯಷ್ಟು ಕೆಳಕ್ಕೆ ಬಾಗಿಸುತ್ತಾರೆ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ, ಒತ್ತಡವನ್ನು ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದಷ್ಟು ಇಡುತ್ತಾರೆ. ಕರುಳೆಲ್ಲ ಎದೆಯ ಕಡೆ ಜಾರಿ ವಪೆಯನ್ನು ಒತ್ತುತ್ತದೆ, ಶ್ವಾಸಕೋಶ ಹಿಗ್ಗಲು ಜಾಗ ಸಾಲುವುದಿಲ್ಲ. ಆ ಅನಿಲ ರಕ್ತಕ್ಕೂ ಸೇರುವುದರಿಂದ ಅದನ್ನು ಹೊರಹಾಕಲು ಉಸಿರಾಟದ ಯಂತ್ರವನ್ನು ಹೊಂದಿಸುತ್ತಿರಬೇಕು. ಮುಖ, ಕಣ್ಣಿನ ರೆಪ್ಪೆ, ಗಂಟಲು ಊದಿಕೊಳ್ಳಬಹುದು. ಅದನ್ನೆಲ್ಲ ನೋಡಿಕೊಳ್ಳೋಣ ಅಂದರೆ ರೋಗಿಯ ಕೈಗಳು ಬಟ್ಟೆಯಡಿ ಕಟ್ಟಿವೆ, ಮೇಲೆ ಯಂತ್ರ ಹರಡಿಕೊಂಡಿದೆ. ರೋಗಿ ಒಂದಿಷ್ಟೂ ಅಲುಗಬಾರದು. ಅಲುಗಿದರೆ ಉಪಕರಣ ಅಲ್ಲೇ ಇರುತ್ತದೆ, ದೇಹ ಮಾತ್ರ ಸರಿಯುತ್ತದೆ, ಒಳಗೆ ಅಂಗಾಂಶ ಹರಿದುಹೋಗಬಹುದು. ಹಳೆಯ ಮಾದರಿಗಳಲ್ಲಿ ಡಾಕ್ ಆದ ಮೇಲೆ ಮಂಚವನ್ನು ಸ್ವಲ್ಪ ಬಾಗಿಸಬೇಕಾದರೂ ಎಲ್ಲ ಬಿಚ್ಚಬೇಕು. ಹೊಸದರಲ್ಲಿ ಯಂತ್ರವೂ ಮಂಚವೂ ಒಟ್ಟಿಗೆ ಸರಿಯುವ ವ್ಯವಸ್ಥೆ ಬಂದಿದೆ.

ಮುಖ ಕಾಣದ ಮಾತು

ಸಾಮಾನ್ಯ ಆಪರೇಷನ್‌ನಲ್ಲಿ ಅರ್ಧ ಮಾತು ಬಾಯಿಂದ ಬರುವುದೇ ಇಲ್ಲ. ಸರ್ಜನ್ ಕೈ ಚಾಚಿದರೆ ನರ್ಸ್‌ಗೆ ಏನು ಬೇಕು ಅಂತ ಗೊತ್ತು. ಅಸಿಸ್ಟೆಂಟ್ ಹುಬ್ಬು ಗಂಟಿಕ್ಕಿದರೆ ಸರ್ಜನ್‌ಗೆ ಅರ್ಥವಾಗುತ್ತದೆ. ರೋಬೋಟ್ ಬಂದ ಮೇಲೆ ಇದೆಲ್ಲ ನಿಂತುಹೋಯಿತು. ಸರ್ಜನ್ ದನಿ ಸ್ಪೀಕರ್‌ನಲ್ಲಿ ಬರುತ್ತದೆ, ಎಲ್ಲರಿಗೂ ಕೇಳುತ್ತದೆ. ಯಾರಿಗೆ ಹೇಳಿದ್ದು ಅಂತ ಮಾತ್ರ ಗೊತ್ತಾಗುವುದಿಲ್ಲ. ‘ಸ್ವಲ್ಪ ಮೇಲೆ’ ಅಂದರೆ ಯಾರ ಮೇಲೆ? ಪರದೆಯಲ್ಲಿ ಮೇಲೆಯಾ, ರೋಗಿಯ ತಲೆಯ ಕಡೆಯಾ?

ಪಳಗಿದ ತಂಡದ ಮಾತು ಹೇಗಿರುತ್ತದೆ ನೋಡಿ.

‘ಸಿಸ್ಟರ್, ಮೂರನೇ ಕೈಯ ಕತ್ತರಿ ತೆಗೆದು ಸೂಜಿ ಹಿಡಿಯೋದು ಕೊಡಿ.’

‘ಮೂರನೇ ಕೈ, ಕತ್ತರಿ ತೆಗೀತಿದ್ದೀನಿ ಮೇಡಂ.’

‘ತೆಗೀರಿ.’

‘ಕತ್ತರಿ ಹೊರಗೆ ಬಂತು. ಸೂಜಿ ಹಿಡಿಯೋದು ಒಳಗೆ ಬರ್ತಿದೆ.’

‘ಕಾಣ್ತು.’

ಹೆಸರು ಅಥವಾ ಜಾಗ ಹೇಳಿ ಕೇಳುವುದು, ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳುವುದು, ಕೆಲಸ ಆದ ಮೇಲೆ ಆಯಿತು ಅನ್ನುವುದು. ವಿಮಾನ ಓಡಿಸುವವರು ಬಹಳ ಹಿಂದಿನಿಂದ ಪಾಲಿಸುತ್ತಿರುವ ಕ್ರಮ. ಮೊದಮೊದಲು ನಾಟಕದ ಹಾಗೆ ಅನ್ನಿಸುತ್ತದೆ. ಆದರೆ ಒಳಗೆ ಅಂಗಾಂಶವನ್ನು ಕಚ್ಚಿ ಹಿಡಿದಿರುವ ಉಪಕರಣವನ್ನು ತಪ್ಪಾಗಿ ಕೇಳಿಸಿಕೊಂಡು ಎಳೆದರೆ ಏನಾಗುತ್ತದೆ ಅಂತ ಯೋಚಿಸಿ. ತಿರುಗಿ ಹೇಳುವ ಎರಡು ಸೆಕೆಂಡ್ ದೊಡ್ಡದಲ್ಲ.

ಇನ್ನೂ ಸೂಕ್ಷ್ಮವಾದ ಒಂದು ವಿಷಯವಿದೆ. ಕನ್ಸೋಲಿನಲ್ಲಿ ಮುಳುಗಿದವರಿಗೆ ಮಂಚದ ಪಕ್ಕದ ಆತಂಕ ಕಾಣುವುದಿಲ್ಲ. ಬಾಯಿಬಿಟ್ಟು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ‘ಸರ್, ಎರಡನೇ ಕೈ ರೋಗಿಯ ತೊಡೆಗೆ ಒತ್ತುತ್ತಿದೆ, ನಿಲ್ಲಿಸಿ’ ಅಂತ ಕಿರಿಯ ನರ್ಸ್ ಹಿರಿಯ ಸರ್ಜನ್‌ಗೆ ಮೈಕಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಬೈಗುಳದ ಭಯವಿರುವ ಕೋಣೆಯಲ್ಲಿ ಆ ಮಾತು ತಡವಾಗುತ್ತದೆ. ಹೇಳಲೋ ಬೇಡವೋ ಅನ್ನುವ ತೊಳಲಾಟವೂ ಒತ್ತಡವೇ. ಅದನ್ನು ಇಳಿಸುವುದು ಸರ್ಜನ್ ಕೈಯಲ್ಲಿದೆ. ಇದಕ್ಕೆ ಯಾವ ಯಂತ್ರವೂ ಬೇಕಿಲ್ಲ.

ಎಲ್ಲ ಒಮ್ಮೆಗೇ ಕೆಟ್ಟರೆ

ಜೋರು ರಕ್ತಸ್ರಾವ, ಹೃದಯ ನಿಲ್ಲುವುದು, ಯಂತ್ರವೇ ಸ್ತಬ್ಧವಾಗುವುದು. ಇವು ಅಪರೂಪ, ಆದರೆ ಆದಾಗ ಭಾರ ಯಾರ ಮೇಲೆ ಬೀಳುತ್ತದೆ ಅನ್ನುವುದು ಸ್ಪಷ್ಟ. ಸರ್ಜನ್ ಗೌನ್ ಇಲ್ಲದೆ ಕೂತಿದ್ದಾರೆ. ಅವರು ಎದ್ದು, ಕೈ ತೊಳೆದು, ಗೌನ್ ಗ್ಲೌಸ್ ಹಾಕಿಕೊಂಡು ಮಂಚದ ಬಳಿ ಬರುವವರೆಗಿನ ಮೊದಲ ನಿಮಿಷಗಳು ಅಸಿಸ್ಟೆಂಟ್ ಮತ್ತು ನರ್ಸ್‌ರವು. ರಕ್ತ ಬರುವ ಜಾಗವನ್ನು ಒತ್ತಿ ಹಿಡಿಯಬೇಕು. ಉಪಕರಣಗಳನ್ನು ಹೊರತೆಗೆಯಬೇಕು, ಅದಕ್ಕೂ ಮೊದಲು ಅವುಗಳ ದವಡೆ ಏನನ್ನಾದರೂ ಕಚ್ಚಿದೆಯಾ ನೋಡಬೇಕು. ಯಂತ್ರ ಮಾತು ಕೇಳದಿದ್ದರೆ ದವಡೆ ಬಿಡಿಸಲು ಕೈಯಿಂದ ತಿರುಗಿಸುವ ಚಿಕ್ಕ ಕೀಲಿಯೊಂದು ಇರುತ್ತದೆ. ಅದು ಎಲ್ಲಿದೆ ಅಂತ ಆ ಗಳಿಗೆಯಲ್ಲಿ ಹುಡುಕುವಂತಾಗಬಾರದು. ಆಮೇಲೆ ಕೈಗಳನ್ನು ಪೋರ್ಟ್‌ನಿಂದ ಬಿಡಿಸಿ ಯಂತ್ರವನ್ನು ಹಿಂದಕ್ಕೆ ತಳ್ಳಬೇಕು. ಯಂತ್ರ ಪಕ್ಕಕ್ಕೆ ಹೋಗದೆ ಎದೆ ಒತ್ತಲು ಜಾಗವಿಲ್ಲ.

ಇದನ್ನು ಓದಿ ಕಲಿಯಲಾಗದು. ಡಮ್ಮಿ ಇಟ್ಟುಕೊಂಡು, ಇಡೀ ತಂಡ ನಿಂತು, ಗಡಿಯಾರ ನೋಡಿಕೊಂಡು ಅಭ್ಯಾಸ ಮಾಡಬೇಕು. ಯಾರು ಕೂಗಿ ಹೇಳುತ್ತಾರೆ, ಯಾರು ಉಪಕರಣ ತೆಗೆಯುತ್ತಾರೆ, ಯಾರು ಯಂತ್ರ ಎಳೆಯುತ್ತಾರೆ, ಯಾರು ಹೊಟ್ಟೆ ತೆರೆಯುವ ಟ್ರೇ ತರುತ್ತಾರೆ ಅಂತ ಮೊದಲೇ ಗೊತ್ತಿರಬೇಕು. ಭಾರ ಅಷ್ಟೇ ಇದ್ದರೂ, ನಿಭಾಯಿಸಬಲ್ಲೆ ಅನ್ನುವ ನಂಬಿಕೆ ಬಂದರೆ ಒತ್ತಡ ಇಳಿಯುತ್ತದೆ ಅನ್ನುವ ಮಾತು ಇಲ್ಲಿ ಕಣ್ಣಿಗೆ ಕಟ್ಟುವಷ್ಟು ನಿಜ.

ಏನು ಮಾಡಬಹುದು

ಮೊದಲನೆಯದು, ತಂಡವನ್ನು ಒಡೆಯದಿರುವುದು. ಒಟ್ಟಿಗೆ ಪಳಗಿದವರಿಗೆ ಹೇಳದೆಯೇ ಅರ್ಥವಾಗುವುದು ಜಾಸ್ತಿ, ಕೇಳಿ ತಿಳಿಯಬೇಕಾದ್ದು ಕಡಿಮೆ. ದಿನಕ್ಕೊಬ್ಬ ನರ್ಸ್, ತಿಂಗಳಿಗೊಬ್ಬ ಅಸಿಸ್ಟೆಂಟ್ ಆದರೆ ಕಲಿಕೆ ಪ್ರತಿ ಸಲ ಸೊನ್ನೆಯಿಂದ ಶುರು. ಆಸ್ಪತ್ರೆ ನಡೆಸುವವರಿಗೆ ಇದು ಡ್ಯೂಟಿ ಪಟ್ಟಿಯ ತಲೆನೋವು ಅನ್ನುವುದು ಗೊತ್ತು. ಆದರೂ ಮೊದಲು ಸರಿಮಾಡಬೇಕಾದ್ದು ಇದೇ.

ಶುರುವಾಗುವ ಮೊದಲು ಎಲ್ಲರೂ ನಿಂತು ಮಾತಾಡುವುದೂ ಸಹಾಯ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಸರ್ಜರಿ ಚೆಕ್‌ಲಿಸ್ಟ್ ತಂದಿತು. ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ, ದೊಡ್ಡ ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದಿದ್ದವು. ಅದು ರೋಬೋಟ್‌ಗೆಂದು ಮಾಡಿದ್ದಲ್ಲ. ರೋಬೋಟ್ ಇರುವ ಕಡೆ ಅದಕ್ಕೆ ಕೆಲವು ಸಾಲು ಸೇರಿಸಿಕೊಳ್ಳಬೇಕು: ಉಪಕರಣಗಳಲ್ಲಿ ಎಷ್ಟು ಬಳಕೆ ಉಳಿದಿದೆ, ಕೀಲಿ ಎಲ್ಲಿದೆ, ತುರ್ತಿನಲ್ಲಿ ಯಾರ ಪಾತ್ರ ಏನು.

ಮಾತಿನ ಗದ್ದಲ ಕಡಿಮೆ ಮಾಡುವುದು ಇನ್ನೊಂದು. ಅಮೆರಿಕದ ವಿಮಾನಯಾನದಲ್ಲಿ 1981ರಿಂದ ಒಂದು ನಿಯಮವಿದೆ. ವಿಮಾನ 10,000 ಅಡಿಗಿಂತ ಕೆಳಗಿರುವಾಗ ಕಾಕ್‌ಪಿಟ್‌ನಲ್ಲಿ ಅನಗತ್ಯ ಮಾತು, ಕೆಲಸ ಇರಕೂಡದು, ಸಮತಟ್ಟಾಗಿ ಹಾರುವ ಹೊತ್ತು ಮಾತ್ರ ಬೇರೆ. ಡಾಕಿಂಗ್, ದೊಡ್ಡ ರಕ್ತನಾಳ ಬಿಡಿಸುವ ಹೊತ್ತು, ಉಪಕರಣಗಳ ಕೊನೆಯ ಎಣಿಕೆ ಇವು ಆಪರೇಷನ್‌ನಲ್ಲಿ ಅಂಥ ಗಳಿಗೆಗಳು.

ಅಸಿಸ್ಟೆಂಟ್‌ಗೆ ಮೂರು ಆಯಾಮದ ಪರದೆ, ಸರಿಯಾದ ಎತ್ತರದ ಸ್ಟೂಲ್, ನಡುವೆ ಒಂದು ವಿರಾಮ. ಇವೆಲ್ಲ ಸಣ್ಣ ಸಂಗತಿಗಳು. ಯಂತ್ರದ ಬೆಲೆಯ ಮುಂದೆ ಇವುಗಳ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಕೊಳ್ಳುವಾಗ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಯಂತ್ರಗಳೂ ಬದಲಾಗುತ್ತಿವೆ. ವರ್ಸಿಯಸ್, ಹ್ಯೂಗೋ ಮುಂತಾದವುಗಳ ಕನ್ಸೋಲ್ ತೆರೆದದ್ದು. ಸರ್ಜನ್ ಪರದೆ ನೋಡುತ್ತಲೇ ಕೋಣೆಯನ್ನೂ ನೋಡಬಹುದು, ಮಾತು ನೇರವಾಗಿ ಕೇಳುತ್ತದೆ. ಎಫ್‌ಡಿಎ 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟ ಡಾ ವಿಂಚಿ 5ರ ಕೆಲವು ಉಪಕರಣಗಳಲ್ಲಿ ಎಳೆತದ ಅರಿವು ಬೆರಳಿಗೆ ಬರುತ್ತದೆ. ಮೇಲೆ ಹೇಳಿದ ದಾರದ ಕಷ್ಟಕ್ಕೆ ಇದು ನೇರ ಉತ್ತರ. ಆದರೆ ಎರಡೂ ಮೊದಲು ನೆರವಾಗುವುದು ಕನ್ಸೋಲಿನಲ್ಲಿ ಕೂತವರಿಗೆ. ಮಂಚದ ಪಕ್ಕದವರ ಕಷ್ಟಕ್ಕೆ ಇಷ್ಟು ನೇರವಾದ ಉತ್ತರ ಇನ್ನೂ ಬರಬೇಕು.

ದೂರದ ಸರ್ಜರಿಯ ಮಾತು ಈಗ ಮತ್ತೆ ಜೋರಾಗಿರುವುದರಿಂದ ಈ ಪ್ರಶ್ನೆಗೆ ಅವಸರವೂ ಇದೆ. 2001ರ ಸೆಪ್ಟೆಂಬರ್ 7ರಂದು ಸರ್ಜನ್ ಜಾಕ್ ಮಾರೆಸ್ಕೋ ನ್ಯೂಯಾರ್ಕ್‌ನಲ್ಲಿ ಕೂತು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ 68 ವರ್ಷದ ಮಹಿಳೆಯ ಪಿತ್ತಕೋಶವನ್ನು ಜ್ಯೂಸ್ ಎಂಬ ರೋಬೋಟ್ ಮೂಲಕ ತೆಗೆದರು. 54 ನಿಮಿಷ ಹಿಡಿಯಿತು. ಜಗತ್ತು ನೆನಪಿಟ್ಟುಕೊಂಡದ್ದು ನ್ಯೂಯಾರ್ಕ್ ಕಡೆಯವರನ್ನು. ರೋಗಿಯ ಪಕ್ಕದಲ್ಲೂ ಒಂದು ಪೂರ್ತಿ ತಂಡ ನಿಂತಿತ್ತು. ಇಂಥ ಆಪರೇಷನ್‌ನಲ್ಲಿ ಸಂಪರ್ಕ ಕಡಿದುಹೋದರೆ ಸರ್ಜನ್ ಗೌನ್ ಹಾಕಿಕೊಂಡು ಬರುವ ಮಾತೇ ಇಲ್ಲ, ಮುಂದಿನದೆಲ್ಲ ಆ ತಂಡದ್ದೇ. ದೂರ ಹೆಚ್ಚಿದಷ್ಟೂ ಅಲ್ಲಿ ನಿಲ್ಲುವವರಿಗೆ ಹೆಚ್ಚು ಅನುಭವ ಬೇಕು. ಅವರ ಭಾರವನ್ನೂ ಸರ್ಜನ್‌ರ ಭಾರದ ಜೊತೆಗೇ, ಅಷ್ಟೇ ಜೋಪಾನವಾಗಿ ಅಳೆದು ನೋಡುವ ಅಧ್ಯಯನಗಳು ಬೇಕು.